‘ವಿಂಟರ್ ಅಡೇ’: ಅಂಕಿಯ ಹಿಂದಿನ ಹೆಂಗಸರು

1980ರ ದಶಕದ ಕೊನೆಯ ಹೊತ್ತಿಗೆ ಪೂರ್ವ ಜರ್ಮನಿಯಲ್ಲಿ ದುಡಿಯುವ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 90ರಷ್ಟು ಮಂದಿ ಉದ್ಯೋಗದಲ್ಲೋ ವ್ಯಾಸಂಗದಲ್ಲೋ ಇದ್ದರು. ಸರ್ಕಾರ ಹೆಮ್ಮೆಯಿಂದ ಮುಂದಿಡುತ್ತಿದ್ದ ಈ ಅಂಕಿಯ ಹಿಂದಿನ ಬದುಕನ್ನು ಹೆಲ್ಕೆ ಮಿಸೆಲ್‌ವಿಟ್ಸ್ ಅವರ ‘ವಿಂಟರ್ ಅಡೇ’ (‘ಚಳಿಗಾಲವೇ, ವಿದಾಯ’, 1988) ಸಾಕ್ಷ್ಯಚಿತ್ರದಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ.

ತಾವು ಹುಟ್ಟಿದ ತ್ಸ್ವಿಕಾವ್ ಬಳಿಯ ರೈಲ್ವೆ ಗೇಟಿನಿಂದ ಹೊರಡುವ ನಿರ್ದೇಶಕಿ, ಉತ್ತರದ ಬಾಲ್ಟಿಕ್ ಕಡಲ ತೀರದವರೆಗೆ ರೈಲಿನಲ್ಲಿ ಸಾಗುತ್ತ, ದಾರಿಯುದ್ದಕ್ಕೂ ಹೆಂಗಸರನ್ನು ಮಾತನಾಡಿಸುತ್ತಾರೆ. ಅವರಲ್ಲಿ ನನ್ನನ್ನು ಬಹುವಾಗಿ ಕಾಡಿದವರು ಉರುವಲಿಗಾಗಿ ಕಲ್ಲಿದ್ದಲಿನ ಪುಡಿಯನ್ನು ಒತ್ತಿ ಇಟ್ಟಿಗೆ ತಯಾರಿಸುವ ಕಾರ್ಖಾನೆಯ ಕಾರ್ಮಿಕ ಮಹಿಳೆ. ಕಲ್ಲಿದ್ದಲಿನ ಪುಡಿ ಒಳಗೆ ಕಟ್ಟಿಕೊಳ್ಳದಂತೆ ಕೊಳವೆಗಳನ್ನು ಸುತ್ತಿಗೆಯಿಂದ ಬಡಿಯುತ್ತ ಹೋಗುವುದೇ ಅವರ ಕೆಲಸ. ಥಾಮಸ್ ಪ್ಲೆನರ್ಟ್ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಈ ಬಡಿತವನ್ನು ಅವಸರವಿಲ್ಲದೆ ಹಿಂಬಾಲಿಸುತ್ತದೆ. ಸಮಾನ ಹಕ್ಕಿನ ಬಗ್ಗೆ ಒಂದು ಮಾತೂ ಆಡದೆಯೇ ಆ ಹಕ್ಕು ಮೈಗೆ ಎಷ್ಟು ಭಾರವಾಗಿತ್ತು ಎಂಬುದು ತಿಳಿಯುತ್ತದೆ. ಅದೇ ಮಹಿಳೆ ವಿಶೇಷ ಆರೈಕೆ ಬೇಕಾದ ಮಗಳ ಬಗ್ಗೆ, ತಮ್ಮ ಒಂಟಿತನದ ಬಗ್ಗೆ ಮಾತನಾಡುವಾಗ ನಿರ್ದೇಶಕಿ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತಾರೆ. ಚಿತ್ರದ ಶಕ್ತಿ ಇರುವುದು ಈ ತಾಳ್ಮೆಯಲ್ಲಿ.

ಆ ದೇಶದಲ್ಲಿ ಮಹಿಳೆಯರಿಗೆ ತಿಂಗಳಿಗೊಂದು ದಿನ ಮನೆಗೆಲಸಕ್ಕೆಂದೇ ಸಂಬಳಸಹಿತ ರಜೆ ಇತ್ತು. ಶಿಶುವಿಹಾರಗಳಿದ್ದವು, 1972ರಿಂದ ಗರ್ಭಧಾರಣೆಯ ಮೊದಲ 12 ವಾರಗಳೊಳಗೆ ಗರ್ಭಪಾತದ ಹಕ್ಕೂ ಇತ್ತು. ಇವು ಸಣ್ಣ ಸೌಲಭ್ಯಗಳಲ್ಲ. ಆದರೆ ಅಡುಗೆ, ಬಟ್ಟೆ, ಮಕ್ಕಳ ಹೊಣೆ ಹೆಣ್ಣಿನದೇ ಎಂದು ಪ್ರಭುತ್ವವೂ ನಂಬಿತ್ತು ಎಂಬುದಕ್ಕೆ ಆ ರಜೆಯೇ ಸಾಕ್ಷಿ. ಇದನ್ನು ತಿಳಿದು ನೋಡಿದರೆ ಚಿತ್ರದ ಹೆಂಗಸರ ದಣಿವು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಚಿತ್ರ ತಾನಾಗಿ ಈ ಕಾನೂನುಗಳನ್ನು ವಿವರಿಸುವುದಿಲ್ಲ.

ಬರ್ಲಿನ್ ಗೋಡೆ ಬೀಳುವುದಕ್ಕೆ ಒಂದು ವರ್ಷ ಮೊದಲು, ಸರ್ಕಾರದ್ದೇ ಆದ ಡೆಫಾ ಸ್ಟುಡಿಯೊದಿಂದ ಇಂಥ ನೇರ ಮಾತಿನ ಚಿತ್ರ ಹೊರಬಂದು ಲೈಪ್‌ಜಿಗ್ ಸಾಕ್ಷ್ಯಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು ಗಮನಾರ್ಹ. ಸುಮಾರು ಎರಡು ಗಂಟೆಯ ಅವಧಿ ನನಗೆ ದೀರ್ಘವೆನಿಸಲಿಲ್ಲ. ಮನೆಬಿಟ್ಟು ಬಂದ ಇಬ್ಬರು ಪಂಕ್ (ಸಂಗೀತ, ಉಡುಗೆಗಳಲ್ಲೇ ಬಂಡಾಯ ತೋರುವ ಯುವಜನರ ಗುಂಪು) ಹುಡುಗಿಯರ ಭಾಗ ಮಾತ್ರ ಇನ್ನಷ್ಟು ಬೆಳೆಯಬೇಕಿತ್ತು: ದುಡಿದು ದಣಿದ ತಾಯಂದಿರ ಮಾತು ಕೇಳಿದ ಮೇಲೆ, ಆ ಬದುಕೇ ಬೇಡವೆನ್ನುವ ಮಕ್ಕಳ ಮಾತನ್ನೂ ಅಷ್ಟೇ ಹೊತ್ತು ಕೇಳಬೇಕೆನಿಸುತ್ತದೆ.