ಲಿಬ್‌ಜೆಪೆಗ್ ಕಾನ್ಫಿಗರ್ ಮಾಡುವ ನಾಲ್ಕು ದಾರಿ: ಮೂರು ಯಂತ್ರಗಳ ಮೇಲೆ ನೋಡಿದ್ದು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದಕ್ಕೆ ನಾನು ಬರೆದುಕೊಟ್ಟ ಸಿ ಪ್ರೋಗ್ರಾಮಿನ ಕೆಲಸ ಸಣ್ಣದು. ಅಚ್ಚಿನಿಂದ ಹೊರಬಂದ ಕಾಸ್ಟಿಂಗಿನ ಫೋಟೊ ತೆಗೆದು ಜೆಪೆಗ್ ಮಾಡಿ ಇಡಬೇಕು, ಕೇಳಿದಾಗ ತೆರೆದು ತೋರಿಸಬೇಕು. ಆದರೆ ಅದು ಓಡಬೇಕಾದ ಯಂತ್ರಗಳು ಒಂದಕ್ಕೊಂದು ಸಂಬಂಧವಿಲ್ಲದವು: ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಆಫೀಸಿನಲ್ಲಿ 32 ಬಿಟ್ ವಿಂಡೋಸ್ 7, ನನ್ನ ಕೈಯಲ್ಲಿ 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪ್. “ಆ ಕಂಪ್ಯೂಟರ್ ಬದಲ್ ಮಾಡಾಕ ಆಗಂಗಿಲ್ರಿ ಸರ, ಬಿಲ್ಲಿಂಗ್ ಎಲ್ಲಾ ಅದರಾಗ ಐತಿ” ಎಂದು ಸೂಪರ್‌ವೈಸರ್ ಮೊದಲೇ ಹೇಳಿದ್ದರು. ಹಾಗಾಗಿ ಜೆಪೆಗ್ ಚಿತ್ರ ಬರೆಯುವ, ಓದುವ ಲಿಬ್‌ಜೆಪೆಗ್ ಲೈಬ್ರರಿಯನ್ನೇ ಆ ಯಂತ್ರಗಳಿಗೆ ಹೊಂದಿಸಬೇಕಾಯಿತು.

ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್ ಈ ಲೈಬ್ರರಿಯನ್ನು ಮೊದಲು ಹೊರತಂದದ್ದು 1991ರಲ್ಲಿ. ಇವತ್ತಿಗೂ ಎಲ್ಲರ ಬಾಯಲ್ಲಿರುವ 6ಬಿ ಆವೃತ್ತಿ ಬಂದದ್ದು 1998ರ ಮಾರ್ಚಿನಲ್ಲಿ. ಡಾಸ್ ಕಾಲದ ಕಂಪೈಲರಿನಿಂದ (ಸಿ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ) ಹಿಡಿದು ದೊಡ್ಡ ಯುನಿಕ್ಸ್ ಯಂತ್ರಗಳವರೆಗೆ ಒಂದೇ ಕೋಡ್ ಓಡಲೆಂದು, ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಸಂಗತಿಗಳನ್ನೆಲ್ಲ ಜೆಕಾನ್ಫಿಗ್.ಎಚ್ ಮತ್ತು ಜೆಮೋರ್‌ಸಿಎಫ್‌ಜಿ.ಎಚ್ ಎಂಬ ಎರಡು ಕಡತಗಳಲ್ಲಿ ಕೂಡಿಹಾಕಿದ್ದಾರೆ. ಅಲ್ಲಿರುವುದು ಪ್ರಶ್ನೆಗಳು. ಈ ಕಂಪೈಲರಿಗೆ ಅನ್‌ಸೈನ್ಡ್ ಚಾರ್ (ಋಣ ಚಿಹ್ನೆಯಿಲ್ಲದ ಒಂದು ಬೈಟಿನ ಸಂಖ್ಯೆ) ಗೊತ್ತೇ? ಬರೀ ಚಾರ್ ಎಂದರೆ ಋಣ ಸಂಖ್ಯೆ ಹಿಡಿಯುತ್ತದೆಯೇ? ಋಣ ಸಂಖ್ಯೆಯ ಬಿಟ್‌ಗಳನ್ನು ಬಲಕ್ಕೆ ಸರಿಸಿದರೆ, ಅಂದರೆ ಶಿಫ್ಟ್ ಮಾಡಿದರೆ, ಚಿಹ್ನೆ ಉಳಿಯುತ್ತದೆಯೇ? ಕೊನೆಯದು ಜೀವ ಮರಣದ ಪ್ರಶ್ನೆ. ಡಿಸಿಟಿ, ಅಂದರೆ ಚಿತ್ರವನ್ನು ಕುಗ್ಗಿಸಲು ಅದರ ತುಣುಕುಗಳನ್ನು ಗುಣಾಂಕಗಳಾಗಿ ಬದಲಿಸುವ ಲೆಕ್ಕವೆಲ್ಲ ಬಲ ಶಿಫ್ಟಿನ ಮೇಲೆಯೇ ನಿಂತಿದೆ, ಅಲ್ಲಿ ಚಿಹ್ನೆ ಕಳೆದುಹೋದರೆ ಚಿತ್ರ ಚಿತ್ರವಾಗಿ ಉಳಿಯುವುದಿಲ್ಲ.

ನಾನು ನೋಡಿದ ನಾಲ್ಕೂ ದಾರಿಗಳಲ್ಲಿ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರ ಸಿಗದಿದ್ದಾಗ ಒಂದೊಂದು ದಾರಿ ಏನು ಮಾಡುತ್ತದೆ ಎಂಬುದರಲ್ಲಿ ನನಗೆ ವ್ಯತ್ಯಾಸ ಕಂಡಿತು.

ಮೊದಲನೆಯದು ಕಾನ್ಫಿಗರ್ ಸ್ಕ್ರಿಪ್ಟ್. ಲ್ಯಾಪ್‌ಟಾಪಿನಲ್ಲಿ ಇದರಷ್ಟು ಸಲೀಸು ಬೇರೆ ಇಲ್ಲ. ಸ್ಕ್ರಿಪ್ಟ್ ಓಡಿಸಿದರೆ ಕಟ್ಟುವ ಕ್ರಮ ಹೇಳುವ ಮೇಕ್‌ಫೈಲೂ ಜೆಕಾನ್ಫಿಗ್.ಎಚ್ ಕೂಡ ತಯಾರಾಗುತ್ತವೆ. ಶೇರ್ಡ್ ಲೈಬ್ರರಿ ಬೇಕೆಂದು ಕೇಳಿದಾಗ ಮಾತ್ರ 6ಬಿ ತಡವರಿಸುತ್ತದೆ, ಯಂತ್ರ ಯಾವುದೆಂದು ಗುರುತಿಸಲು ಅದರ ಜೊತೆ ಬಂದ ಕಾನ್ಫಿಗ್.ಗೆಸ್ ಆ ಕಾಲದ್ದು, ಇಂದಿನ 64 ಬಿಟ್ ಯಂತ್ರಗಳ ಹೆಸರೇ ಅದಕ್ಕೆ ತಿಳಿಯದು. ಹೊಸ ಕಾನ್ಫಿಗ್.ಗೆಸ್, ಕಾನ್ಫಿಗ್.ಸಬ್ ತಂದು ಹಾಕಿದರೆ ಸರಿಹೋಗುತ್ತದೆ.

ಕುತೂಹಲ ಹುಟ್ಟಿಸಿದ್ದು ಪೈ. ಲ್ಯಾಪ್‌ಟಾಪಿನಲ್ಲೇ ಕುಳಿತು ಪೈಯ ಆರ್ಮ್ ಚಿಪ್ಪಿಗೆ ಕ್ರಾಸ್ ಕಂಪೈಲ್ ಮಾಡುವಾಗ ಸ್ಕ್ರಿಪ್ಟಿಗೆ ಪರೀಕ್ಷೆಯ ಪ್ರೋಗ್ರಾಂ ಓಡಿಸಿ ನೋಡಲು ಬರುವುದಿಲ್ಲ. ಆಗ ಅದು ಚಾರ್ ಋಣ ಸಂಖ್ಯೆ ಹಿಡಿಯುತ್ತದೆ ಎಂದು ಊಹಿಸಿಕೊಂಡು, ಊಹಿಸಿದ್ದೇನೆ ಎಂದು ಪರದೆಯ ಮೇಲೆ ಹೇಳಿ ಮುಂದೆ ಹೋಗುತ್ತದೆ. ಆರ್ಮ್ ಲಿನಕ್ಸಿನಲ್ಲಿ ಚಾರ್ ಹಿಡಿಯುವುದು ಧನ ಸಂಖ್ಯೆ ಮಾತ್ರ, ಅಂದರೆ ಊಹೆ ತಪ್ಪು. ಆದರೂ ಚಿತ್ರ ಕೆಡುವುದಿಲ್ಲ: ಕಂಪೈಲರಿಗೆ ಅನ್‌ಸೈನ್ಡ್ ಚಾರ್ ಗೊತ್ತಿದ್ದರೆ ಜೆಮೋರ್‌ಸಿಎಫ್‌ಜಿ.ಎಚ್ ಅದನ್ನೇ ಬಳಸುತ್ತದೆ, ಬರೀ ಚಾರಿನ ಮಾತೇ ಬರುವುದಿಲ್ಲ. ಬಲ ಶಿಫ್ಟಿನ ಬಗ್ಗೆ ಮಾಡಿಕೊಂಡ ಊಹೆ ಜಿಸಿಸಿ ಕಂಪೈಲರಿನಲ್ಲಿ ನಿಜವೇ ಆಗಿದೆ. ತಪ್ಪು ಊಹೆಯನ್ನೂ ತಾಳಿಕೊಳ್ಳುವಂತೆ ಬರೆದ ಈ ಕೋಡಿನ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿಯೇ.

ಮೆಮೊರಿ ನೋಡಿಕೊಳ್ಳುವ ಕಡತವನ್ನೂ ಇದೇ ಹಂತದಲ್ಲಿ ಆರಿಸಬೇಕು. ಏನೂ ಹೇಳದಿದ್ದರೆ ಎಲ್ಲವನ್ನೂ ಮೆಮೊರಿಯಲ್ಲೇ ಇಡುವ ಜೆಮೆಮ್‌ನೋಬ್ಸ್ ಬರುತ್ತದೆ. ಮೆಮೊರಿಗೆ ಮಿತಿ ಹಾಕಿದರೆ ತಾತ್ಕಾಲಿಕ ಕಡತ ಬಳಸುವ ಜೆಮೆಮ್‌ಆನ್ಸಿ ಅಥವಾ ಜೆಮೆಮ್‌ನೇಮ್. ಪೈ ಕ್ಯಾಮೆರಾದ ಎರಡನೇ ಮಾದರಿಯ ಚಿತ್ರ 3280 ಪಿಕ್ಸೆಲ್ ಅಡ್ಡ, 2464 ಪಿಕ್ಸೆಲ್ ಉದ್ದ. ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸಿದ ಪ್ರೊಗ್ರೆಸಿವ್ (ಹಂತಹಂತವಾಗಿ ಸ್ಪಷ್ಟವಾಗುವ) ಜೆಪೆಗ್‌ಗೆ ಎಲ್ಲ ಗುಣಾಂಕಗಳನ್ನೂ ಎರಡೆರಡು ಬೈಟಿನಂತೆ ಹಿಡಿದಿಡಲು ಸುಮಾರು 24 ಎಂಬಿ ಬೇಕು. ಪೈಗೆ ಇದು ಭಾರವಲ್ಲ. ಎಸ್‌ಡಿ ಕಾರ್ಡಿನ ಮೇಲೆ ಪದೇಪದೇ ಬರೆದು ಅದನ್ನು ಸವೆಸುವುದಕ್ಕಿಂತ ಜೆಮೆಮ್‌ನೋಬ್ಸ್ ಎಷ್ಟೋ ಮೇಲು.

ಎರಡನೆಯ ದಾರಿ ಸಿಕೆಕಾನ್ಫಿಗ್.ಸಿ. ಇದು ಒಂದೇ ಒಂದು ಸಿ ಕಡತ. ಇದನ್ನು ಕಂಪೈಲ್ ಮಾಡಿ ಓಡಿಸಿದರೆ ಜೆಕಾನ್ಫಿಗ್.ಎಚ್ ಬರೆದುಕೊಡುತ್ತದೆ. ಕಂಪೈಲ್ ಆಗದಿದ್ದರೆ ಯಾವ ಸಾಲು ತಿದ್ದಬೇಕೆಂದು ಒಳಗಿನ ಟಿಪ್ಪಣಿಯೇ ತಿಳಿಸುತ್ತದೆ. ಶೆಲ್ ಬೇಕಿಲ್ಲ, ಸ್ಕ್ರಿಪ್ಟ್ ಬೇಕಿಲ್ಲ. ಗುರಿಯ ಯಂತ್ರದ ಮೇಲೆಯೇ ಓಡಬೇಕು ಎಂಬುದೊಂದೇ ಷರತ್ತು, ಹಾಗಾಗಿ ಊಹೆಗೆ ಎಡೆಯೇ ಇಲ್ಲ. ಪೈ ಮೇಲೆ ಓಡಿಸಿದೆ, ಚಾರ್ ಬಗ್ಗೆ ಸರಿಯಾದ ಉತ್ತರವನ್ನೇ ಬರೆಯಿತು. ಈ ಲೈಬ್ರರಿ ಹೇಗೆ ಯೋಚಿಸುತ್ತದೆ ಎಂದು ಕಲಿಯಬೇಕಾದ ಹುಡುಗರಿಗೆ ನಾನು ಮೊದಲು ತೆರೆಯಲು ಹೇಳುವ ಕಡತ ಇದೇ.

ಮೂರನೆಯದು ತಯಾರಾದ ಕಡತ: ಜೆಕಾನ್ಫಿಗ್.ವಿಸಿಯನ್ನು ಜೆಕಾನ್ಫಿಗ್.ಎಚ್ ಎಂದು ನಕಲು ಮಾಡಿ, ಮೇಕ್‌ಫೈಲ್.ವಿಸಿಯನ್ನು ಮೈಕ್ರೋಸಾಫ್ಟಿನ ಎನ್‌ಮೇಕ್ ಉಪಕರಣಕ್ಕೆ ಕೊಡುವುದು. ಇದು ಏನನ್ನೂ ಕೇಳುವುದಿಲ್ಲ, ಆ ಕಾಲದ ವಿಷುವಲ್ ಸಿಗೆ ಸರಿಯಾಗಿದ್ದ ಉತ್ತರಗಳನ್ನೇ ಒಪ್ಪಿಸುತ್ತದೆ. ಮೇಕ್‌ಫೈಲ್ ಕೇಳುವ ವಿನ್32.ಮ್ಯಾಕ್ ಕಡತ ವಿಂಡೋಸ್ 8ರ ಎಸ್‌ಡಿಕೆಯಿಂದಾಚೆಗೆ (ಪ್ರೋಗ್ರಾಂ ಬರೆಯುವವರಿಗೆ ಮೈಕ್ರೋಸಾಫ್ಟ್ ಕೊಡುವ ಕಡತಗಳ ಗಂಟು) ಇಲ್ಲ, ಅದನ್ನು ಸುತ್ತಿ ಹೋಗಬೇಕು. ವಿಂಡೋಸಿನ ಹೆಡರ್‌ಗಳಲ್ಲೂ ಐಎನ್‌ಟಿ32 ಎಂಬ ಹೆಸರಿರುವುದರಿಂದ ಅಲ್ಲೊಂದು ಡಿಕ್ಕಿ. ಇವೆರಡೂ ಕಂಪೈಲ್ ಹಂತದಲ್ಲೇ ಕೂಗಿ ಹೇಳುವ ತೊಂದರೆಗಳು.

ಹುಷಾರಾಗಿರಬೇಕಾದದ್ದು ಹೌದು, ಇಲ್ಲ ಎಂಬ ಉತ್ತರ ಹಿಡಿಯುವ ಬೂಲಿಯನ್ ವಿಷಯದಲ್ಲಿ. ಲೈಬ್ರರಿ ತಾನಾಗಿ ಬೂಲಿಯನ್ನನ್ನು ಇಂಟ್ ಎಂದು ಎಣಿಸುತ್ತದೆ, ವಿಂಡೋಸ್ ಅದನ್ನು ಒಂದು ಬೈಟಿನ ಅನ್‌ಸೈನ್ಡ್ ಚಾರ್ ಎನ್ನುತ್ತದೆ. ಜೆಕಾನ್ಫಿಗ್.ವಿಸಿ ವಿಂಡೋಸಿನ ಮಾತಿಗೇ ಒಪ್ಪುತ್ತದೆ, ಸಿಕೆಕಾನ್ಫಿಗ್‌ಗೆ ಈ ಸಂಗತಿ ಗೊತ್ತಿಲ್ಲ. ಲೈಬ್ರರಿಯನ್ನು ಒಂದರಿಂದ, ಪ್ರೋಗ್ರಾಮನ್ನು ಇನ್ನೊಂದರಿಂದ ಕಟ್ಟಿದರೆ ಎರಡೂ ಹಂಚಿಕೊಳ್ಳುವ ಸ್ಟ್ರಕ್ಟಿನ (ಮಾಹಿತಿಯ ಕಟ್ಟಿನ) ಅಳತೆಯೇ ಬೇರೆಯಾಗುತ್ತದೆ. ಪುಣ್ಯಕ್ಕೆ ಲೈಬ್ರರಿ ಆ ಅಳತೆಯನ್ನು ಶುರುವಿನಲ್ಲೇ ತಾಳೆ ನೋಡಿ, ಹೊಂದದಿದ್ದರೆ ದೋಷ ಹೇಳಿ ನಿಲ್ಲುತ್ತದೆ. ಆದ್ದರಿಂದ ವಿಂಡೋಸಿನಲ್ಲಿ ಸಿಕೆಕಾನ್ಫಿಗ್ ಬೇಡ, ತಯಾರಾದ ಕಡತವೇ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕನೆಯದು ಲೈಬ್ರರಿಯನ್ನೇ ಬದಲಿಸುವ ದಾರಿ: ಸಿಮೇಕ್ ಎಂಬ ಉಪಕರಣದಿಂದ ಕಟ್ಟುವ ಲಿಬ್‌ಜೆಪೆಗ್ ಟರ್ಬೊ. ಹಳೆಯ ಲೈಬ್ರರಿಗಿಂತ ಸಾಮಾನ್ಯವಾಗಿ 2ರಿಂದ 6 ಪಟ್ಟು ವೇಗ ಎಂದು ಅದನ್ನು ಕಟ್ಟಿದವರು ಹೇಳುತ್ತಾರೆ, ಫೋಟೊಗಳ ಸಾಲನ್ನು ತೆರೆಯುವಾಗ ಆ ವೇಗ ಕಣ್ಣಿಗೇ ಕಾಣುತ್ತದೆ. ಸುಮ್ಮನೆ ಕಟ್ಟಿದರೆ 6ಬಿಯ ಎಬಿಐಯನ್ನೇ (ಲೈಬ್ರರಿ ಮತ್ತು ಪ್ರೋಗ್ರಾಮಿನ ನಡುವಿನ ಒಪ್ಪಂದವನ್ನೇ) ಪಾಲಿಸುವುದರಿಂದ ನನ್ನ ಕೋಡಿನಲ್ಲಿ ಒಂದು ಸಾಲೂ ಬದಲಾಗಲಿಲ್ಲ. ಕ್ರಾಸ್ ಕಂಪೈಲ್‌ಗೆ, ಯಾವ ಕಂಪೈಲರ್ ಬಳಸಬೇಕೆಂದು ಹೇಳುವ ಒಂದು ಟೂಲ್‌ಚೈನ್ ಕಡತ ಬರೆದರೆ ಸಾಕು. ಆದರೆ ವೇಗ ಬರುವುದು ಒಂದೇ ಆಜ್ಞೆಯಲ್ಲಿ ಹಲವು ಸಂಖ್ಯೆಗಳನ್ನು ಲೆಕ್ಕ ಹಾಕುವ ಸಿಮ್ಡ್ ಕೋಡಿನಿಂದ, ಇಂಟೆಲ್ ಯಂತ್ರದಲ್ಲಿ ಅದಕ್ಕೆ ನ್ಯಾಸ್ಮ್‌ನಂಥ ಅಸೆಂಬ್ಲರ್ ಬೇಕು. ಅದು ಇಲ್ಲದಿದ್ದರೆ ಸಿಮೇಕ್ ಒಂದು ಎಚ್ಚರಿಕೆ ಹಾಕಿ, ಸಿಮ್ಡ್ ಬಿಟ್ಟು, ಕೆಲಸ ಮುಗಿಸುತ್ತದೆ. ಉದ್ದನೆಯ ಸಾಲುಗಳ ನಡುವೆ ಆ ಎಚ್ಚರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಿಕ್ವೈರ್ ಸಿಮ್ಡ್ ಎಂಬ ಆಯ್ಕೆ ಕೊಟ್ಟರೆ ಅಲ್ಲೇ ನಿಲ್ಲುತ್ತದೆ. ನಾನಾಗಿದ್ದರೆ ಅದನ್ನೇ ರೂಢಿಯ ನಡವಳಿಕೆ ಮಾಡುತ್ತಿದ್ದೆ.

ಒಂದೇ ಹೆಡರಿನ ಎಸ್‌ಟಿಬಿ ಇಮೇಜ್ ಎಂಬ ಬೇರೊಂದು ಲೈಬ್ರರಿಯನ್ನೂ ನೋಡಿದೆ. ಕಾನ್ಫಿಗರ್ ಮಾಡುವ ಮಾತೇ ಇಲ್ಲ. ಆದರೆ ಅದು ಪೂರ್ತಿ ಚಿತ್ರವನ್ನು ಒಮ್ಮೆಗೇ ಬಿಚ್ಚುತ್ತದೆ, ನನಗೆ ಸಾಲುಸಾಲಾಗಿ ಓದುವುದು ಬೇಕಿತ್ತು.

ಈಗ ಪೈ ಮತ್ತು ಲ್ಯಾಪ್‌ಟಾಪಿನಲ್ಲಿ ಟರ್ಬೊ ಇದೆ, ಆಫೀಸಿನ ವಿಂಡೋಸಿನಲ್ಲಿ ಜೆಕಾನ್ಫಿಗ್.ವಿಸಿಯಿಂದ ಕಟ್ಟಿದ 6ಬಿ. ಅಲ್ಲಿ ತೆರೆಯುವುದು ಒಂದೊಂದೇ ಫೋಟೊ, ವೇಗದ ಹಂಗಿಲ್ಲ. ಯಾವ ದಾರಿ ಹಿಡಿದರೂ ಪರೀಕ್ಷೆಯ ಹಂತ ಬಿಡಬೇಡಿ: 6ಬಿಯಲ್ಲಿ ಮೇಕ್ ಟೆಸ್ಟ್, ಟರ್ಬೊದಲ್ಲಿ ಸಿಟೆಸ್ಟ್. 6ಬಿ ತಾನು ಬಿಚ್ಚಿದ ಚಿತ್ರವನ್ನು ಜೊತೆಗೆ ಬಂದ ಮಾದರಿ ಚಿತ್ರದೊಂದಿಗೆ ಬೈಟಿಗೆ ಬೈಟ್ ಹೋಲಿಸುತ್ತದೆ. ಶಿಫ್ಟಿನ ಉತ್ತರ ತಪ್ಪಿದ್ದರೂ, ಕಂಪೈಲರಿನ ಆಪ್ಟಿಮೈಸೇಶನ್ ಕೈಕೊಟ್ಟಿದ್ದರೂ ಅದು ಅಲ್ಲೇ ಸಿಕ್ಕಿಬೀಳುತ್ತದೆ.