ದಪ್ಪಗಿರುವವರಿಗೆ ಯಾವ ಹಡಗು ಹಿತ? ಮೂರನ್ನೂ ಹತ್ತಿ, ಅಳೆದು ನೋಡಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ತೂಕ 118 ಕೆ.ಜಿ. ಎತ್ತರ ಐದಡಿ ನಾಲ್ಕಿಂಚು. ಕೂತಾಗ ಸೊಂಟದ ಅಗಲ 23 ಇಂಚು. ಇದನ್ನು ಹೇಳದೆ ಆ ಹಡಗು ಚೆನ್ನಾಗಿದೆ, ಈ ಹಡಗು ಚೆನ್ನಾಗಿಲ್ಲ ಅಂದರೆ ನನ್ನಂಥವರಿಗೆ ಏನೂ ಉಪಯೋಗವಿಲ್ಲ. ಕ್ರೂಸ್ ಬಗ್ಗೆ ಬರೆಯುವವರೆಲ್ಲ ಊಟ, ಸೂರ್ಯಾಸ್ತ, ಈಜುಕೊಳ ಅಂತ ಬರೆಯುತ್ತಾರೆ. ಕುರ್ಚಿಯ ಎರಡು ಕೈಗಳ ನಡುವೆ ಎಷ್ಟು ಜಾಗ ಇದೆ ಅಂತ ಯಾರೂ ಬರೆಯುವುದಿಲ್ಲ. ಹೊರಡುವ ಮುಂಚೆ ನನಗೆ ಬೇಕಾಗಿದ್ದದ್ದು ಅದೊಂದೇ ಮಾಹಿತಿ.

ನಮ್ಮ ಮನೆ ಕೊಡಗಿನ ವಿರಾಜಪೇಟೆ ಹತ್ತಿರ. ರೊಬಸ್ಟಾ ಕಾಫಿ ತೋಟ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೋಳ್ದ್ ಮುಗಿದು ಮಳೆ ಕಡಿಮೆಯಾದ ಮೇಲೆ, ಸುಗ್ಗಿಯ ಹಬ್ಬ ಪುತ್ತರಿಗೆ ಮೊದಲು ನಮಗೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಮೂರು ವರ್ಷ ಮೂರು ಪ್ರವಾಸ ಮಾಡಿದೆವು. ಮೊದಲ ವರ್ಷ ಆಲಪ್ಪುಳದ ಹೌಸ್‌ಬೋಟಿನಲ್ಲಿ ಒಂದು ರಾತ್ರಿ. ಎರಡನೇ ವರ್ಷ ನಮ್ಮ ದೇಶದ್ದೇ ಒಂದು ಬಂದರಿನಿಂದ ಹೊರಟ ಹಳೆಯ ಹಡಗಿನಲ್ಲಿ ಎರಡು ರಾತ್ರಿ. ಮೂರನೇ ವರ್ಷ ಸಿಂಗಾಪುರದಿಂದ ಹೊರಟ ಹೊಸ, ಭಾರೀ ದೊಡ್ಡ ಹಡಗಿನಲ್ಲಿ ನಾಲ್ಕು ರಾತ್ರಿ. ಕೊನೆಯದಕ್ಕೆ ಅಣ್ಣ, ಅತ್ತಿಗೆಯೂ ಬಂದಿದ್ದರು. ಅಣ್ಣ ಆರಡಿ, 134 ಕೆ.ಜಿ. ಮೂರು ಸಲವೂ ನನ್ನ ಕೈಚೀಲದಲ್ಲಿ ಬ್ಲೌಸ್ ಹೊಲಿಯುವ ಟೇಪು ಇತ್ತು.

ತವರಿನ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಕೈಯಾಲೆಯ (ಜಗಲಿಯ) ಉದ್ದಕ್ಕೂ ಕೂರಲು ಐಮರ ಇದೆ. ಒಂದೇ ಮರದ ದಪ್ಪ ಹಲಗೆ. ಹಿರಿಯರು ಕೂತು ಕೂತು ಕನ್ನಡಿಯ ಹಾಗೆ ನಯವಾಗಿದೆ. ಅದಕ್ಕೆ ಕೈ ಇಲ್ಲ, ಇಷ್ಟು ಇಂಚಿಗೆ ಒಬ್ಬರು ಅನ್ನುವ ಲೆಕ್ಕವೂ ಇಲ್ಲ. ಅದನ್ನು ನೋಡುತ್ತ ಬೆಳೆದವಳಿಗೆ ಕೈ ಇರುವ ಕುರ್ಚಿ ಕಂಡರೆ ಮೊದಲು ಭಯವಾಗುತ್ತದೆ. ಎರಡೂ ಕಡೆ ತೊಡೆಗೆ ಒತ್ತಿ, ಎದ್ದಾಗ ಕುರ್ಚಿಯೂ ಜೊತೆಗೆ ಏಳುತ್ತದಲ್ಲ, ಆ ಭಯ. ಅನುಭವಿಸಿದವರಿಗೆ ಗೊತ್ತು.

ಹೌಸ್‌ಬೋಟಿನಿಂದ ಶುರು ಮಾಡುತ್ತೇನೆ. ಇದು ಕುಟ್ಟನಾಡಿನ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂನಿಂದ ಬಂದದ್ದು. ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುವ ದೋಣಿ. ಮರ ಹೆಬ್ಬಲಸು, ನಮ್ಮ ಕಡೆ ಕಾಡಲ್ಲೂ ತೋಟದಲ್ಲೂ ಬೆಳೆಯುವುದೇ. ಮುಂಭಾಗದಲ್ಲಿ ಬೆತ್ತದ ಕುರ್ಚಿಗಳಿದ್ದವು, ಒಳಗಿನ ಅಗಲ 20 ಇಂಚು. ನಾನು ಕೂರಲಿಲ್ಲ. ಆದರೆ ಪಕ್ಕದಲ್ಲೇ ಹಾಸಿಗೆ ಹಾಕಿದ ದಿವಾನ ಇತ್ತು. ಇಡೀ ಮಧ್ಯಾಹ್ನ ಅದರ ಮೇಲೆ ಕಾಲು ಚಾಚಿ ಕೂತು ನೀರು ನೋಡಿದೆ. ಮಲಗುವ ಕೋಣೆ ದೊಡ್ಡದು. ಬಚ್ಚಲು ನಮ್ಮ ಮನೆಯ ಬಚ್ಚಲಿನಷ್ಟೇ, ಆರಾಮವಾಗಿ ಬಗ್ಗಿ ಕಾಲು ತೊಳೆಯಬಹುದು. ಮೂರರಲ್ಲಿ ಸ್ನಾನ ಅಂತ ಸರಿಯಾಗಿ ಆದದ್ದು ಇಲ್ಲಿ ಮಾತ್ರ.

ತೊಂದರೆ ಇದ್ದದ್ದು ಹತ್ತುವಲ್ಲಿ. ದಡದಿಂದ ದೋಣಿಗೆ ಒಂದು ಹಲಗೆ ಇಟ್ಟಿದ್ದರು. ಅಗಲ ಒಂದಡಿಯೂ ಇರಲಿಲ್ಲ. ಮುಂದೆ ಹೋದ ನಮ್ಮ ಯಜಮಾನರು ಕಾಲಿಟ್ಟಾಗಲೇ ಅದು ನಡುವೆ ಬಾಗಿತು. ಅವರು ಬರೀ 64 ಕೆ.ಜಿ. ಹಿಡಿಯಲು ಹಗ್ಗವೂ ಇಲ್ಲ. ನಾನು ದಡದಲ್ಲೇ ನಿಂತೆ, ‘ಇದರ ಮೇಲೆ ನಾನು ಬರಲ್ಲ’ ಅಂದೆ. ದೋಣಿಯವರು ಬೇಸರ ಮಾಡಿಕೊಳ್ಳಲಿಲ್ಲ. ಇನ್ನೂರು ಮೀಟರ್ ಮುಂದೆ ಕಲ್ಲಿನ ಕಟ್ಟೆ ಇತ್ತು, ದೋಣಿಯ ಅಂಚಿಗೆ ಸಮ ಎತ್ತರ. ಅಲ್ಲಿಗೆ ದೋಣಿ ತಂದರು, ಒಂದೇ ಹೆಜ್ಜೆಗೆ ಹತ್ತಿದೆ. ಬುಕ್ ಮಾಡುವಾಗಲೇ ‘ಕಟ್ಟೆಯಿಂದ ಹತ್ತಬೇಕು, ಹಲಗೆ ಆಗಲ್ಲ’ ಅಂತ ಹೇಳಿಬಿಡಿ. ಅವರಿಗೆ ಅದು ದೊಡ್ಡ ವಿಷಯವೇ ಅಲ್ಲ.

ಇನ್ನು ಎರಡು ಹಡಗುಗಳು. ಹೊಸದು, ದೊಡ್ಡದು, ದುಬಾರಿ ಅಂದಮೇಲೆ ಅದರಲ್ಲಿ ಜಾಗ ಜಾಸ್ತಿ ಇರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಟೇಪು ಹಿಡಿದಾಗ ಲೆಕ್ಕ ಬೇರೆ ಬಂತು.

ಬಾತ್‌ರೂಮು ನೋಡಿ. ಹಳೆಯ ಹಡಗಿನದಕ್ಕೆ ಬಾಗಿಲು 21 ಇಂಚು, ಹೊಸದಕ್ಕೆ 22. ಎರಡರಲ್ಲೂ ಓರೆಯಾಗಿಯೇ ಒಳಗೆ ಹೋಗಬೇಕು. ನೀರು ಹೊರಗೆ ಬರಬಾರದು ಅಂತ ಹಡಗಿನ ಬಚ್ಚಲಿಗೆ ಎತ್ತರದ ಹೊಸ್ತಿಲು ಇರುತ್ತದೆ. ರಾತ್ರಿ ನಿದ್ದೆಗಣ್ಣಿನಲ್ಲಿ ಎಡವುವುದು ಅಲ್ಲೇ. ಹಳೆಯದರಲ್ಲಿ ಶವರಿಗೆ ಬಟ್ಟೆಯ ಪರದೆ. ಬಿಸಿನೀರು ಬಿಟ್ಟ ತಕ್ಷಣ ಆ ಪರದೆ ಒಳಕ್ಕೆ ಉಬ್ಬಿ ಬಂದು ಬೆನ್ನಿಗೆ ಅಂಟಿಕೊಳ್ಳುತ್ತಿತ್ತು, ತಣ್ಣಗೆ, ಒದ್ದೆ ಗೋಣಿ ಮೈಗೆ ಸುತ್ತಿದ ಹಾಗೆ. ಸೋಪು ಕೈ ಜಾರಿ ಬಿದ್ದರೆ ಬಗ್ಗಲು ಜಾಗ ಇಲ್ಲ. ಪರದೆ ಸರಿಸಿ, ಹೊರಗೆ ಬಂದು, ಅಲ್ಲಿಂದ ಬಗ್ಗಿ ಎತ್ತಿಕೊಳ್ಳಬೇಕು. ನೆಲವೆಲ್ಲ ನೀರು. ಮೊದಲ ದಿನ ನನಗೆ ಅಳು ಬಂದದ್ದು ನಿಜ.

ಹೊಸದರಲ್ಲಿ ಗಾಜಿನ ಜಾರುಬಾಗಿಲು. ನೋಡಲು ಬಲು ಚಂದ. ಆದರೆ ಪೂರ್ತಿ ತೆರೆದರೂ ಸಂದಿ 17 ಇಂಚು. ಪರದೆಯಾದರೂ ಮೈಗೆ ತಕ್ಕಂತೆ ಜರುಗುತ್ತದೆ, ಗಾಜು ಜರುಗುವುದಿಲ್ಲ ಅಲ್ವಾ? ಅಣ್ಣನಿಗೆ ಅದರೊಳಗೆ ಹೋಗಲು ಆಗಲೇ ಇಲ್ಲ. ದಾರಿ ಹುಡುಕಿದ್ದು ಅತ್ತಿಗೆ. ಮೇಲಿನ ಡೆಕ್ಕಿನ ಜಿಮ್ ಪಕ್ಕ ಬಟ್ಟೆ ಬದಲಿಸುವ ಕೋಣೆಗಳಿವೆ, ಅಲ್ಲಿಯ ಶವರು ನಮ್ಮ ಕೋಣೆಯದ್ದಕ್ಕಿಂತ ಒಂದೂವರೆ ಪಟ್ಟು ಅಗಲ. ಪ್ರಯಾಣಿಕರೆಲ್ಲರಿಗೂ ಬಿಟ್ಟಿ. ಬೆಳಿಗ್ಗೆ ಆರಕ್ಕೆ ಹೋದರೆ ಯಾರೂ ಇರುವುದಿಲ್ಲ. ಉಳಿದ ಮೂರು ದಿನ ಅಣ್ಣನೂ ನಾನೂ ಅಲ್ಲೇ ಸ್ನಾನ ಮಾಡಿದೆವು. ನೀವು ಹೋಗುವ ಹಡಗಿನಲ್ಲಿ ಮೊದಲ ದಿನವೇ ಇದನ್ನು ಹುಡುಕಿಕೊಳ್ಳಿ.

ಗಾಲಿಕುರ್ಚಿಯವರಿಗೆ ಅಂತ ಮಾಡಿದ ಕೋಣೆಗಳು ಹಡಗಿನಲ್ಲಿ ಇರುತ್ತವೆ. ಬಾಗಿಲು ಅಗಲ, ಹೊಸ್ತಿಲಿಲ್ಲದ ಶವರು, ಗೋಡೆಗೆ ಮಡಚುವ ಪೀಠ, ಹಿಡಿಕೆ. ‘ಅದನ್ನೇ ಬುಕ್ ಮಾಡಿ’ ಅಂತ ಏಜೆಂಟ್ ಹೇಳಿದ. ನಾನು ಒಪ್ಪಲಿಲ್ಲ. ನನಗೆ ನಡೆಯಲು ಆಗುತ್ತದೆ. ಅಂಥ ಕೋಣೆಗಳು ಇರುವುದೇ ಕೆಲವು, ನಾನು ಹಿಡಿದರೆ ನಿಜಕ್ಕೂ ಗಾಲಿಕುರ್ಚಿಯಲ್ಲಿ ಇರುವವರೊಬ್ಬರಿಗೆ ಪ್ರವಾಸವೇ ತಪ್ಪುತ್ತದೆ. ಮಂಡಿ ಪೂರ್ತಿ ಹೋಗಿದ್ದರೆ, ಹಿಡಿಕೆ ಇಲ್ಲದೆ ಏಳಲು ಆಗದಿದ್ದರೆ ಕೇಳುವುದು ತಪ್ಪಲ್ಲ. ಬರೀ ಜಾಗ ಬೇಕು ಅಂತ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಥಿಯೇಟರಿನಲ್ಲಿ ಹಳೆಯ ಹಡಗೇ ಗೆದ್ದಿತು. ಅಲ್ಲಿ ಉದ್ದುದ್ದ ಸೋಫಾಗಳು, ನಡುವೆ ಕೈಗಳಿಲ್ಲ, ಅಲ್ಲಲ್ಲಿ ಬಿಡಿ ಕುರ್ಚಿ. ಬೇಕಾದಷ್ಟು ಹರಡಿಕೊಂಡು ಕೂತು ಎರಡು ಗಂಟೆ ಹಾಡು ಕೇಳಿದೆವು. ಹೊಸದರಲ್ಲಿ ಸಿನಿಮಾ ಹಾಲಿನ ಹಾಗೆ ಸಾಲು ಕುರ್ಚಿ, ಎತ್ತಲು ಬಾರದ ಕೈ, ನಡುವೆ 19 ಇಂಚು. ಮೊದಲ ರಾತ್ರಿ ಹತ್ತು ನಿಮಿಷ ಕೂತು ಎದ್ದುಬಂದೆ. ತೊಡೆಯ ಎರಡೂ ಕಡೆ ಕೆಂಪು ಗೆರೆ ಮೂಡಿತ್ತು. ಮಾರನೇ ದಿನ ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ಕೇಳಿದೆ. ಹಿಂದಿನ ಸಾಲಿನಲ್ಲಿ, ಗಾಲಿಕುರ್ಚಿಗೆ ಬಿಟ್ಟ ಜಾಗದ ಪಕ್ಕ, ಜೊತೆಗೆ ಬಂದವರಿಗೆ ಅಂತ ಬಿಡಿ ಕುರ್ಚಿಗಳು ಇದ್ದವು. ಆಟ ಶುರುವಾಗುವ ತನಕ ಯಾರಿಗೂ ಬೇಕಾಗದಿದ್ದರೆ ಕೂರಬಹುದು ಅಂದಳು. ಆಮೇಲೆ ದಿನವೂ ಕೇಳಿಯೇ ಅಲ್ಲಿ ಕೂತೆ.

ಊಟದ ಹಾಲಿನಲ್ಲಿ ಎರಡರಲ್ಲೂ ಕೈ ಇರುವ ಕುರ್ಚಿಗಳೇ. ಹಳೆಯದರಲ್ಲಿ ನಾನು ಬಾಯಿ ಬಿಟ್ಟು ಕೇಳಲಿಲ್ಲ. ಅಂಚಿನಲ್ಲಿ ಕೂತು ಊಟ ಮಾಡಿದೆ, ಸೊಂಟ ಹಿಡಿದುಕೊಂಡಿತು. ಹೊಸದರಲ್ಲಿ ನಾವು ಕನ್ನಡ ಮಾತಾಡುವುದು ಕೇಳಿ ಬಡಿಸುವ ಹುಡುಗ ಹತ್ತಿರ ಬಂದ.

‘ಅಮ್ಮ, ನೀವು ಯಾವ ಊರು?’

‘ವಿರಾಜಪೇಟೆ. ನೀನು?’

‘ಬಂಟ್ವಾಳ.’ ನಾನು ನಿಂತೇ ಇದ್ದದ್ದನ್ನು ನೋಡಿದ. ಏನೂ ಕೇಳಲಿಲ್ಲ. ‘ಕೈ ಇಲ್ಲದ ಕುರ್ಚಿ ಉಂಟು, ತರ್ತೇನೆ’ ಅಂತ ಹೋದ. ಎರಡು ತಂದ, ಅಣ್ಣನಿಗೂ ಸೇರಿಸಿ. ರಾತ್ರಿ ಊಟಕ್ಕೆ ದಿನವೂ ಅದೇ ಮೇಜು, ಅದೇ ಬಡಿಸುವವರು ಅಂತ ನಾವು ಮೊದಲೇ ಆರಿಸಿಕೊಂಡಿದ್ದೆವು. ಹಾಗಾಗಿ ಮತ್ತೆ ಹೇಳುವ ಪ್ರಸಂಗವೇ ಬರಲಿಲ್ಲ. ನಾವು ಬರುವ ಮುಂಚೆ ಎರಡು ಕುರ್ಚಿ ಅಲ್ಲಿ ಇರುತ್ತಿದ್ದವು. ಹಳೆಯ ಹಡಗಿನಲ್ಲೂ ಅಂಥ ಕುರ್ಚಿ ಇದ್ದಿರಬಹುದು. ಕೇಳಬೇಕಿತ್ತು.

ಹಾಸಿಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಡಗಿನಲ್ಲಿ ಎರಡು ಸಿಂಗಲ್ ಮಂಚ ಜೋಡಿಸಿ ಡಬಲ್ ಮಾಡಿರುತ್ತಾರೆ, ನಡುವಿನ ಸಂದಿ ಭಾರ ಬಿದ್ದಾಗ ಬಿಡುತ್ತದೆ. ಮೇಲೆ ಹಾಸಲು ಫೋಮು ಕೇಳಿದರೆ ಕೊಡುತ್ತಾರೆ. ಡೆಕ್ಕಿನ ಒರಗುಕುರ್ಚಿಗಳು ತೀರಾ ತಗ್ಗು, ನಡುವೆ ಕೂತರೆ ಏಳುವುದು ಕಷ್ಟ. ಎರಡೂ ಕಡೆ ಕಾಲು ಹಾಕಿ ಕೂತು ಆಮೇಲೆ ಒರಗಿ. ಬಾಲ್ಕನಿಯ ಕುರ್ಚಿಗೂ ಕೈ ಇತ್ತು, ಬದಲಿಸಿಕೊಟ್ಟರು. ಕೋಣೆ ಹಡಗಿನ ನಡುಭಾಗದಲ್ಲಿ, ಲಿಫ್ಟಿನ ಹತ್ತಿರ ಇರಲಿ. ಓಲಾಟವೂ ಕಡಿಮೆ, ಮಂಡಿಗೂ ಹಿತ.

ಲೈಫ್ ಜಾಕೆಟ್ ವಿಷಯ ಮಾತ್ರ ಬಿಡಿಸಿ ಹೇಳಲೇಬೇಕು. ಹಿಂದೊಮ್ಮೆ ನಮ್ಮ ಕಡೆಯ ಹೊಳೆಯಲ್ಲಿ ರಾಫ್ಟ್ ಹತ್ತುವಾಗ ಜಾಕೆಟ್ಟಿನ ಬೆಲ್ಟು ನನಗೆ ಸೇರಲಿಲ್ಲ. ‘ಸುಮ್ನೆ ಹಾಗೇ ಹಾಕ್ಕೊಳ್ಳಿ ಆಂಟಿ, ನೀರು ಕಮ್ಮಿ ಇದೆ’ ಅಂದ ಅಲ್ಲಿಯ ಹುಡುಗ. ನಾನು ಇಳಿದುಬಿಟ್ಟೆ. ಕಟ್ಟಿಲ್ಲದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ದೇಶದಿಂದ ದೇಶಕ್ಕೆ ಹೋಗುವ ಹಡಗುಗಳಿಗೆ ಇದರ ಬಗ್ಗೆ ಸ್ಪಷ್ಟ ನಿಯಮ ಇದೆ. ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಶುರುವಾದ ಸೋಲಾಸ್ ಅನ್ನುವ, ಸಮುದ್ರದಲ್ಲಿ ಜೀವ ಕಾಪಾಡುವ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದದ ಅಡಿಯಲ್ಲಿ ಬರುವ ನಿಯಮ. ದೊಡ್ಡವರ ಜಾಕೆಟ್ 140 ಕೆ.ಜಿ. ತೂಕ, 1750 ಮಿಲಿಮೀಟರ್ ಎದೆ ಸುತ್ತಳತೆ ಇರುವವರಿಗೂ ಆಗಬೇಕು. ಅಂದರೆ ಸುಮಾರು 69 ಇಂಚು. ಆಗದಿದ್ದರೆ ಅದನ್ನು ಭದ್ರವಾಗಿ ಕಟ್ಟಿಕೊಳ್ಳಲು ಬೇಕಾದ ಹೆಚ್ಚುವರಿ ಪಟ್ಟಿಯಂಥದ್ದು ಹಡಗಿನಲ್ಲಿ ಇರಲೇಬೇಕು. ಅಣ್ಣನ ಕೋಣೆಯ ಜಾಕೆಟ್ಟಿನ ಬೆಲ್ಟು ನಾಲ್ಕು ಬೆರಳಷ್ಟು ಗಿಡ್ಡ ಇತ್ತು. ಅವನು ‘ಇರಲಿ ಬಿಡು’ ಅಂದ. ನಾನು ಬಿಡಲಿಲ್ಲ. ಕೋಣೆ ನೋಡಿಕೊಳ್ಳುವವರನ್ನು ಕರೆದು ತೋರಿಸಿದೆ, ಅರ್ಧ ಗಂಟೆಯಲ್ಲಿ ಉದ್ದದ ಪಟ್ಟಿ ತಂದು ಹಾಕಿಸಿ ನೋಡಿದರು. ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ, ಎಲ್ಲರಿಗೂ ಸುರಕ್ಷತೆಯ ಕವಾಯತು ಮಾಡಿಸುತ್ತಾರೆ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿ 32 ಜನ ಸತ್ತ ಮೇಲೆ ಬಂದ ಬಿಗಿ ಇದು. ಆ ಕವಾಯತಿನ ಹೊತ್ತಿಗೆ ನಿಮ್ಮ ಜಾಕೆಟ್ ನಿಮಗೆ ಕಟ್ಟಲು ಬರುವಂತಿರಬೇಕು.

ಲೈಫ್‌ಬೋಟಿನ ಲೆಕ್ಕ ಕೇಳಿದಾಗ ಮಾತ್ರ ನನಗೆ ಸಂಕಟವಾಯಿತು. ಪ್ರಯಾಣಿಕರ ಹಡಗಿನ ಲೈಫ್‌ಬೋಟಿನಲ್ಲಿ ಒಬ್ಬರಿಗೆ ಸರಾಸರಿ 75 ಕೆ.ಜಿ., ಕೂರಲು 430 ಮಿಲಿಮೀಟರ್. 17 ಇಂಚು ಅಷ್ಟೇ. ಹಡಗಿನಲ್ಲಿರುವ ಎಲ್ಲರಿಗೂ ಆಗುವಷ್ಟರ ಮೇಲೆ, ಇನ್ನೂ ಶೇಕಡಾ 25ರಷ್ಟು ಜನರಿಗೆ ರಾಫ್ಟುಗಳು ಇರಬೇಕು ಅಂತ ನಿಯಮ ಇದೆ, ಅದು ಸಮಾಧಾನ. ಆದರೂ ಆ 75ನ್ನು ಈಗಿನ ಜನರ ಮೈಕಟ್ಟು ನೋಡಿ ಹೆಚ್ಚಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸಿಂಗಾಪುರಕ್ಕೆ ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ವಿಮಾನ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹತ್ತುವಾಗಲೇ ಬೆಲ್ಟಿಗೆ ಜೋಡಿಸುವ ತುಂಡು ಕೇಳಿದರೆ ಗಗನಸಖಿಯರು ಮಡಚಿ ಕೈಗೆ ಕೊಡುತ್ತಾರೆ. ಆದರೆ 17 ಇಂಚಿನ ಸೀಟಿನಲ್ಲಿ ಪಕ್ಕದವರಿಗೂ ಕಷ್ಟ, ನಮಗೂ ಕಷ್ಟ. ಆಲಪ್ಪುಳಕ್ಕಾದರೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಲ್ಲಿ ರೈಲು ಹತ್ತಿದರೆ ಸಾಕು. ಮೂವರ ಬರ್ತಿನಲ್ಲಿ ಇಬ್ಬರೇ ಕೂತು ಹೋಗಿದ್ದೆವು.

ನನ್ನ ಮಟ್ಟಿಗೆ ಎರಡು ದಿನದ ಬಿಡುವಿಗೆ ಹೌಸ್‌ಬೋಟು, ನಾಲ್ಕೈದು ದಿನಕ್ಕೆ ದೊಡ್ಡ ಹೊಸ ಹಡಗು. ದೊಡ್ಡದು ಗೆದ್ದದ್ದು ಕುರ್ಚಿಗಳ ಅಗಲದಿಂದಲ್ಲ. ಅಲ್ಲಿ ಕೇಳಿದಾಗಲೆಲ್ಲ ಬದಲಿ ಸಿಕ್ಕಿತು, ಮುಖ ಸಿಂಡರಿಸದೆ ಕೊಟ್ಟರು, ಅದಕ್ಕೆ. ಹಳೆಯ ಹಡಗಿಗೆ ಆ ಸೋಫಾಗಳಿಗಾಗಿ ಒಂದು ಒಳ್ಳೆಯ ಮಾತು ಹೇಳುತ್ತೇನೆ. ಆದರೆ ಆ ಬಚ್ಚಲಿಗೆ ಮತ್ತೆ ಹೋಗಲಾರೆ.

ಈ ಸಲ ಅಕ್ಟೋಬರಿಗೆ ಮತ್ತೆ ಹೊರಡುತ್ತಿದ್ದೇವೆ, ಅಣ್ಣನೂ ಬರುತ್ತಾನೆ. ಟಿಕೆಟ್ ದುಡ್ಡು ಕಟ್ಟುವ ಮೊದಲೇ ಏಜೆಂಟನಿಗೆ ಕಾಗದದಲ್ಲಿ ಬರೆದು ಕೊಟ್ಟಿದ್ದೇನೆ: ಊಟದ ಮೇಜಿಗೆ ಕೈ ಇಲ್ಲದ ಕುರ್ಚಿ ಎರಡು, ಬಾಲ್ಕನಿಗೆ ಎರಡು, ಉದ್ದ ಪಟ್ಟಿಯ ಲೈಫ್ ಜಾಕೆಟ್ ಒಂದು, ಶವರಿನ ಬಾಗಿಲಿನ ಅಗಲ ಇಂಚಿನಲ್ಲಿ. ಮೊದಲ ಮೂರಕ್ಕೆ ಉತ್ತರ ಬಂದಿದೆ. ನಾಲ್ಕನೆಯದಕ್ಕೆ ಕಾಯುತ್ತಿದ್ದೇನೆ, ಅದು ಬಂದ ಮೇಲೆಯೇ ದುಡ್ಡು.