ಸ್ಮಾರ್ಟ್ ಪಾಯಿಂಟರ್ ಒಳಗೆ ಇಣುಕಲು ಯಾವುದು ಒಳ್ಳೆಯದು? ಜಿಡಿಬಿ, ಎಲ್‌ಎಲ್‌ಡಿಬಿ ಹೋಲಿಕೆ

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ತೂಕ, ದರ, ಪಾವತಿ ಲೆಕ್ಕದ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಭಾಷೆ ಸಿ++. ತೂಕಕ್ಕೆ ಒಂದು ಕ್ಲಾಸು, ಹಣಕ್ಕೆ ಒಂದು ಕ್ಲಾಸು. ತೂಕವನ್ನು ಗ್ರಾಂ ಲೆಕ್ಕದಲ್ಲಿ, ಹಣವನ್ನು ಪೈಸೆ ಲೆಕ್ಕದಲ್ಲಿ ಇಡುತ್ತೇನೆ. ಅವುಗಳ ಮೇಲೆ +, *, ==, < ಎಲ್ಲವನ್ನೂ ಓವರ್‌ಲೋಡ್ ಮಾಡಿದ್ದೇನೆ, ಅಂದರೆ ಈ ಆಪರೇಟರ್‌ಗಳು ಏನು ಮಾಡಬೇಕೆಂದು ನಾನೇ ಬರೆದಿದ್ದೇನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬರುವ ಒಂದೊಂದು ಲಾಟೂ ಶೇರ್ಡ್ ಪಾಯಿಂಟರ್‌ನಲ್ಲಿ (ಹಲವರು ಒಟ್ಟಿಗೆ ಹಿಡಿದು, ಕೊನೆಯವರು ಬಿಟ್ಟಾಗ ತಾನೇ ಮೆಮೊರಿ ಬಿಡಿಸುವ ಸ್ಮಾರ್ಟ್ ಪಾಯಿಂಟರ್) ಕೂತಿರುತ್ತದೆ. ಹಾಗಾಗಿ ಡೀಬಗರ್‌ನಿಂದ, ಅಂದರೆ ಓಡುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನದಿಂದ, ನನಗೆ ಬೇಕಾದದ್ದು ಮುಖ್ಯವಾಗಿ ಎರಡೇ. ನಾನು ಬರೆದ ಆಪರೇಟರ್ ಅದಕ್ಕೆ ಅರ್ಥವಾಗಬೇಕು. ಪಾಯಿಂಟರ್ ಒಳಗಿನ ಲಾಟು ಕೈಗೆ ಸಿಗಬೇಕು.

ಲಿನಕ್ಸ್‌ನಲ್ಲಿ, ಜಿಸಿಸಿ ಕಂಪೈಲರ್‌ನಿಂದ ಆಪ್ಟಿಮೈಸೇಶನ್ ಇಲ್ಲದೆ ಕಟ್ಟಿದ ಒಂದೇ ಪ್ರೋಗ್ರಾಮನ್ನು ಜಿಡಿಬಿ, ಎಲ್‌ಎಲ್‌ಡಿಬಿ ಎಂಬ ಎರಡು ಡೀಬಗರ್‌ಗಳಲ್ಲೂ ಓಡಿಸಿ ನೋಡಿದೆ.

ಸರಳವಾದ ಪರೀಕ್ಷೆಯಲ್ಲಿ ಇಬ್ಬರೂ ಪಾಸ್. ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ ಎರಡು ತೂಕಗಳನ್ನು + ಹಾಕಿ ಪ್ರಿಂಟ್ ಮಾಡಿ ಅಂದರೆ ಎರಡೂ ಸರಿಯಾದ ಉತ್ತರ ಕೊಡುತ್ತವೆ. ದಾರಿ ಮಾತ್ರ ಬೇರೆ. ಜಿಡಿಬಿ ತನ್ನದೇ ಪಾರ್ಸರ್‌ನಿಂದ ಓದಿ, ಸರಿಹೊಂದುವ ಆಪರೇಟರ್ ಹುಡುಕಿ, ನಿಂತಿರುವ ಪ್ರೋಗ್ರಾಂ ಒಳಗೇ ಅದನ್ನು ಓಡಿಸುತ್ತದೆ. ಎಲ್‌ಎಲ್‌ಡಿಬಿ ಒಳಗೆ ಕ್ಲಾಂಗ್ ಕಂಪೈಲರೇ ಇದೆ. ನೀವು ಟೈಪ್ ಮಾಡಿದ್ದನ್ನು ಅದು ನಿಜವಾದ ಸಿ++ ಅಂತಲೇ ಕಂಪೈಲ್ ಮಾಡುತ್ತದೆ. ಹಾಗಾಗಿ ಅಲ್ಲಿ ಫಾರ್ ಲೂಪ್ ಕೂಡ ಬರೆಯಬಹುದು. ಜಿಡಿಬಿಯ ಪ್ರಿಂಟ್ ಕಮಾಂಡ್‌ನಲ್ಲಿ ಅದು ಆಗಲ್ಲ.

ಸ್ವಲ್ಪ ಒಳಗೆ ಹೋದರೆ ಇಬ್ಬರೂ ಎಡವುತ್ತಾರೆ. ಕ್ಲಾಸ್ ಒಳಗೇ ಬರೆದ < ಆಪರೇಟರನ್ನು ಪ್ರೋಗ್ರಾಂ ಎಲ್ಲೂ ಬಳಸಿಲ್ಲ ಅಂದುಕೊಳ್ಳಿ. ಕಂಪೈಲರ್ ಅದಕ್ಕೆ ಕೋಡ್ ಹುಟ್ಟಿಸುವುದೇ ಇಲ್ಲ. ಆಗ ಜಿಡಿಬಿ ‘ಈ ಫಂಕ್ಷನ್ ಇನ್‌ಲೈನ್ ಆಗಿರಬಹುದು’ (ಕರೆದ ಜಾಗದಲ್ಲೇ ಕರಗಿಹೋಗಿರಬಹುದು) ಎನ್ನುತ್ತದೆ, ಎಲ್‌ಎಲ್‌ಡಿಬಿ ‘ಸಿಂಬಲ್ ಸಿಗಲಿಲ್ಲ’ ಎನ್ನುತ್ತದೆ. ಇದು ಡೀಬಗರ್ ತಪ್ಪಲ್ಲ. ಡೀಬಗ್ ಮಾಹಿತಿಯಲ್ಲಿ ಆಪರೇಟರ್‌ನ ಹೆಸರು ಇರಬಹುದು, ಒಡಲು ಇರುವುದಿಲ್ಲ. ಆಪರೇಟರನ್ನು ಹೆಡರ್‌ನಿಂದ ತೆಗೆದು ಸೋರ್ಸ್ ಫೈಲಿಗೆ ಹಾಕಿದರೆ ಸಮಸ್ಯೆ ಮುಗಿಯಿತು. ಟೆಂಪ್ಲೇಟ್ (ಹಲವು ಟೈಪ್‌ಗಳಿಗೆ ಬಳಸುವ ಅಚ್ಚು) ಆದರೆ ಆ ಟೈಪಿಗೆ ನೀವೇ ಒಂದು ಸಾಲು ಬರೆದು ಇನ್‌ಸ್ಟಾನ್ಶಿಯೇಟ್ ಮಾಡಿಸಬೇಕು, ಅಂದರೆ ಕೋಡ್ ಹುಟ್ಟಿಸಬೇಕು.

ಶೇರ್ಡ್ ಪಾಯಿಂಟರ್ ವಿಷಯದಲ್ಲಿ ಜಿಡಿಬಿಗೆ ಎರಡು ಬೇರೆ ಬೇರೆ ಸಹಾಯಕರಿದ್ದಾರೆ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಪ್ರೆಟಿ ಪ್ರಿಂಟರ್ ಬರೀ ತೋರಿಸುತ್ತದೆ: ಎಷ್ಟು ಜನ ಹಿಡಿದಿದ್ದಾರೆ, ಎಷ್ಟು ವೀಕ್ ಪಾಯಿಂಟರ್ (ಹಿಡಿದುಕೊಳ್ಳದೆ ಬರೀ ಗಮನಿಸುವವು) ಇವೆ, ವಿಳಾಸ ಏನು ಅಂತ. ನಾವು * ಅಥವಾ -> ಬರೆದಾಗ ಕೆಲಸ ಮಾಡುವುದು ಎಕ್ಸ್‌ಮೆಥಡ್. ಇದು ಸಿ++ ಮೆಥಡ್‌ನ ಬದಲಿಗೆ ನಿಲ್ಲುವ ಪೈಥಾನ್ ಕೋಡು. ಪ್ರೋಗ್ರಾಂನಲ್ಲಿ ಏನನ್ನೂ ಓಡಿಸದೆ ಸುಮ್ನೆ ಮೆಮೊರಿ ಓದಿ ಉತ್ತರ ಕೊಡುತ್ತದೆ. ಜಿಸಿಸಿಯ ಸ್ಟ್ಯಾಂಡರ್ಡ್ ಲೈಬ್ರರಿ ಜೊತೆ ಶೇರ್ಡ್ ಪಾಯಿಂಟರ್, ಯೂನಿಕ್ ಪಾಯಿಂಟರ್, ವೆಕ್ಟರ್ ಮುಂತಾದವಕ್ಕೆ ಇವು ಸಿದ್ಧವಾಗಿಯೇ ಬರುತ್ತವೆ.

ಎಲ್‌ಎಲ್‌ಡಿಬಿಯಲ್ಲಿ ಈ ಕೆಲಸಕ್ಕೆ ‘ವಿ’ ಕಮಾಂಡ್ ಇದೆ. ಅದೂ ಯಾವ ಕೋಡನ್ನೂ ಓಡಿಸುವುದಿಲ್ಲ. ಸ್ಟ್ಯಾಂಡರ್ಡ್ ಪಾಯಿಂಟರ್‌ಗಳ ಮೇಲೆ *, -> ಎರಡೂ ನಡೆಯುತ್ತವೆ. ಆದರೆ ‘ವಿ’ಗೆ ನಿಮ್ಮ ಓವರ್‌ಲೋಡ್ ಮಾಡಿದ + ಗೊತ್ತೇ ಇಲ್ಲ. ಅದಕ್ಕೆ ‘ಎಕ್ಸ್‌ಪ್ರೆಶನ್’ ಕಮಾಂಡ್ ಬೇಕು, ಅಂದರೆ ಕೋಡ್ ಓಡಲೇಬೇಕು.

ಸ್ಟೆಪ್ ಮಾಡುವಾಗ, ಅಂದರೆ ಸಾಲು ಸಾಲಾಗಿ ಓಡಿಸುವಾಗ, ನನಗೆ ಎಲ್‌ಎಲ್‌ಡಿಬಿಯೇ ಇಷ್ಟ. ಲಾಟ್->ತೂಕ() ಎಂಬ ಸಾಲಿನಲ್ಲಿ ಸ್ಟೆಪ್ ಒತ್ತಿದರೆ ಜಿಡಿಬಿ ಮೊದಲು ಶೇರ್ಡ್ ಪಾಯಿಂಟರ್‌ನ -> ಒಳಗೆ ಹೋಗಿ ನಿಲ್ಲುತ್ತದೆ. ಎಲ್‌ಎಲ್‌ಡಿಬಿ ಸ್ಟ್ಯಾಂಡರ್ಡ್ ನೇಮ್‌ಸ್ಪೇಸ್‌ನ ಫಂಕ್ಷನ್‌ಗಳನ್ನು ತಾನಾಗಿ ದಾಟಿ ಸೀದಾ ತೂಕಕ್ಕೆ ಇಳಿಯುತ್ತದೆ. ಜಿಡಿಬಿಯಲ್ಲಿ ‘ಸ್ಕಿಪ್’ ಕಮಾಂಡ್ ಕೊಟ್ಟು ಇದನ್ನೇ ಮಾಡಿಸಬಹುದು, ಆದರೆ ನಾವೇ ಹೇಳಬೇಕು.

ನನ್ನ ಪ್ರೋಗ್ರಾಂನಲ್ಲಿ ನಾನೇ ಬರೆದ ಒಂದು ಪಾಯಿಂಟರ್ ಕೂಡ ಇದೆ. -> ಹಾಕಿದ ಕ್ಷಣದಲ್ಲಿ ಹಳೆಯ ಲಾಟಿನ ದಾಖಲೆಯನ್ನು ಡಿಸ್ಕ್‌ನಿಂದ ತಂದುಕೊಳ್ಳುತ್ತದೆ. ಇಲ್ಲಿ ಜಿಡಿಬಿಯಲ್ಲಿ ಪ್ರಿಂಟ್ ಮಾಡಿದರೆ ದಾಖಲೆ ನಿಜವಾಗಿಯೇ ಲೋಡ್ ಆಗಿಬಿಡುತ್ತದೆ. ನೋಡಲು ಹೋಗಿ ಪ್ರೋಗ್ರಾಂನ ಸ್ಥಿತಿಯನ್ನೇ ಬದಲಿಸಿದ ಹಾಗೆ, ಅಲ್ವಾ? ಫಂಕ್ಷನ್ ಕರೆಯುವುದನ್ನೇ ನಿಲ್ಲಿಸುವ ಸೆಟ್ಟಿಂಗ್ ಜಿಡಿಬಿಯಲ್ಲಿ ಇದೆ, ಇಂಥ ಕಡೆ ಅದು ಬಹಳ ಉಪಯೋಗ. ಎಲ್‌ಎಲ್‌ಡಿಬಿಯ ‘ವಿ’ ಬಳಸಿದರೆ ಆ ಭಯ ಇಲ್ಲ.

ನನ್ನ ತೀರ್ಮಾನ ಆದದ್ದು ಕೋರ್ ಫೈಲ್‌ನಿಂದ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಂಡಿಗಳಲ್ಲಿ ಪ್ರೋಗ್ರಾಂ ಬಿದ್ದರೆ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಇಲ್ಲಿಂದ ಡೀಬಗ್ ಮಾಡಲು ಆಗಲ್ಲ. ಕೋರ್ ಫೈಲ್ ಪೆನ್‌ಡ್ರೈವಿನಲ್ಲಿ ಬಸ್ಸು ಹತ್ತಿ ಬರುತ್ತದೆ. ಅದರಲ್ಲಿ ಪ್ರಾಣ ಇರುವ ಪ್ರೋಗ್ರಾಂ ಇಲ್ಲ, ಬಿದ್ದ ಕ್ಷಣದ ಮೆಮೊರಿ ಮಾತ್ರ ಇದೆ. ಎರಡು ತೂಕ ಕೂಡಿಸು ಅಂದರೆ ‘ಡೀಬಗ್ ಮಾಡಲು ಪ್ರೊಸೆಸ್ ಇಲ್ಲದೆ ಅದು ಆಗಲ್ಲ’ ಎಂದು ಜಿಡಿಬಿ ಕಡ್ಡಿ ಮುರಿದಂತೆ ಹೇಳುತ್ತದೆ. ಎಲ್‌ಎಲ್‌ಡಿಬಿಯ ಎಕ್ಸ್‌ಪ್ರೆಶನ್ನೂ ಅಲ್ಲೇ ನಿಲ್ಲುತ್ತದೆ. ಲಾಟ್‌ಗಳು[3]->ತೂಕ ಎಂಬುದು ಮಾತ್ರ ಎರಡರಲ್ಲೂ ಸಿಗುತ್ತದೆ, ಜಿಡಿಬಿಯಲ್ಲಿ ಎಕ್ಸ್‌ಮೆಥಡ್‌ನಿಂದ, ಎಲ್‌ಎಲ್‌ಡಿಬಿಯಲ್ಲಿ ‘ವಿ’ಯಿಂದ.

ಇಲ್ಲಿಂದ ಮುಂದೆ ಜಿಡಿಬಿ ಒಂಟಿಯಾಗಿ ಮುಂದೆ ಹೋಗುತ್ತದೆ. ನನ್ನ ತೂಕ ಕ್ಲಾಸಿನ + ಆಪರೇಟರಿಗೂ ನಾನೇ ಎಕ್ಸ್‌ಮೆಥಡ್ ಬರೆಯಬಹುದು. ಬರೆದೆ. ಎರಡೂ ಕಡೆಯ ಗ್ರಾಂ ತೆಗೆದು ಕೂಡಿಸುವ ಕೆಲವೇ ಸಾಲಿನ ಪೈಥಾನ್. ಆಮೇಲೆ ಸತ್ತ ಪ್ರೋಗ್ರಾಂನ ಕೋರ್ ಮೇಲೂ ತೂಕ + ತೂಕ ಉತ್ತರ ಬಂತು. ಡಿಸ್ಕ್‌ಗೆ ಕೈ ಹಾಕುವ ಆ ಪಾಯಿಂಟರ್‌ನ -> ಗೂ ಒಂದು ಬರೆದೆ. ಅದು ಆಗಲೇ ಲೋಡ್ ಆಗಿದ್ದ ವಿಳಾಸವನ್ನು ಮಾತ್ರ ಹಿಂತಿರುಗಿಸುತ್ತದೆ. ಒಂದು ಷರತ್ತು: ಆಪರೇಟರ್ ಕ್ಲಾಸಿನ ಸದಸ್ಯನಾಗಿರಬೇಕು. ಹೊರಗೆ ಬಿಡಿಯಾಗಿ ಬರೆದ ಆಪರೇಟರಿಗೆ ಎಕ್ಸ್‌ಮೆಥಡ್ ಅಂಟುವುದಿಲ್ಲ. ಎಲ್‌ಎಲ್‌ಡಿಬಿಯಲ್ಲಿ ಸ್ವಂತ ಪಾಯಿಂಟರಿಗೆ ಪೈಥಾನ್‌ನಿಂದ *, -> ಕಲಿಸಬಹುದು, ಆದರೆ + ಕಲಿಸುವ ದಾರಿ ಇಲ್ಲ.

ಹಾಗಾಗಿ ಮೇಜಿನ ಮೇಲೆ ಹೊಸ ಕೋಡ್ ಬರೆಯುವಾಗ ಎಲ್‌ಎಲ್‌ಡಿಬಿ, ಊರಿಂದ ಬಂದ ಕೋರ್ ಬಿಚ್ಚುವಾಗ ಜಿಡಿಬಿ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ಜಿಡಿಬಿಯನ್ನೇ ಇಟ್ಟುಕೊಳ್ಳುತ್ತೇನೆ.

ಕೋರ್ ತರಿಸುವವರು ಆ ಕಂಪ್ಯೂಟರಿನ ಲೈಬ್ರರಿ ಫೈಲ್‌ಗಳನ್ನೂ ಜೊತೆಗೆ ತರಿಸಿಕೊಳ್ಳಿ, ಜಿಡಿಬಿಗೆ ಸಿಸ್‌ರೂಟ್ (ಲೈಬ್ರರಿಗಳನ್ನು ಹುಡುಕುವ ಮೂಲ ಫೋಲ್ಡರ್) ಆಗಿ ಅದೇ ಫೋಲ್ಡರ್ ತೋರಿಸಿ. ಸಿದ್ಧ ಎಕ್ಸ್‌ಮೆಥಡ್‌ಗಳು ತಾವಾಗಿ ಲೋಡ್ ಆಗುವುದು ಸ್ಟ್ಯಾಂಡರ್ಡ್ ಲೈಬ್ರರಿ ಫೈಲಿನ ಹೆಸರು, ಜಾಗ ನೋಡಿಕೊಂಡು. ಹೊಂದದಿದ್ದರೆ ಪೈಥಾನ್ ಫೈಲನ್ನು ‘ಸೋರ್ಸ್’ ಕಮಾಂಡ್ ಕೊಟ್ಟು ಕೈಯಿಂದಲೇ ಲೋಡ್ ಮಾಡಿ, ನಂತರ ‘ಇನ್ಫೋ ಎಕ್ಸ್‌ಮೆಥಡ್’ ಕೊಟ್ಟು ಪಟ್ಟಿಯಲ್ಲಿ ಬಂದಿದೆಯಾ ನೋಡಿಕೊಳ್ಳಿ.